ಓರೆಸ್ಟ್ ಗೆದ್ದ ಐವತ್ತು ಡಾಲರ್

ಓರೆಸ್ಟ್ ಹಾವ್ರಿಲುಕ್ ಬ್ಯಾಂಕಿನ ರಸೀದಿಯನ್ನು ಒಮ್ಮೆ ಕನ್ನಡಕ ಹಾಕಿಕೊಂಡು, ಇನ್ನೊಮ್ಮೆ ತೆಗೆದು ಓದಿದ. ಎರಡು ಸಲವೂ ಕೊನೆಯ ಸಾಲಿನಲ್ಲಿ ಐವತ್ತು ಡಾಲರೇ ಇತ್ತು. ತೆರಿಗೆ ಇಲ್ಲದ ಉಳಿತಾಯ ಖಾತೆಯಿಂದ ತನ್ನದೇ ಸಾವಿರದ ಇನ್ನೂರು ಡಾಲರ್ ತೆಗೆದದ್ದಕ್ಕೆ ಬ್ಯಾಂಕು ಹಿಡಿದುಕೊಂಡ ಶುಲ್ಕ ಅದು.

ಐವತ್ತು ಡಾಲರಿಗೆ ಯಾರೂ ಸಾಯುವುದಿಲ್ಲ, ನಿಜ. ಆದರೆ ಓರೆಸ್ಟನ ಮನೆಯಲ್ಲಿ ಸ್ಟೆಫಾ ಇದ್ದಳು. ಹನ್ನೆರಡು ವರ್ಷದ ಹಿಂದೆ ಅವನು ಖಾತೆ ತೆರೆಯಲು ಹೊರಟಾಗ ಆಕೆ ಖಾಲಿ ಉಪ್ಪಿನಕಾಯಿ ಜಾಡಿ ತೋರಿಸಿ, ದುಡ್ಡು ಇದರಲ್ಲಿ ಹಾಕು, ಇದು ಕಚ್ಚುವುದಿಲ್ಲ ಎಂದಿದ್ದಳು. ಓರೆಸ್ಟ್ ನಕ್ಕು, ಈ ಖಾತೆಯ ಒಂದು ಸೆಂಟನ್ನೂ ಯಾರೂ ಮುಟ್ಟಲಾರರು ಎಂದು ಮಾತು ಕೊಟ್ಟಿದ್ದ. ಶಾಲೆಯ ಬಸ್ಸು ಓಡಿಸುತ್ತ ತಿಂಗಳು ತಿಂಗಳು ಕೂಡಿಟ್ಟ. ನಲವತ್ತು ವರ್ಷದ ಸಂಸಾರದಲ್ಲಿ ಗೋಧಿ ಹೊಲ ಬಿಟ್ಟು ಬೇರೇನೂ ಕಾಣದ ಹೆಂಡತಿಗೆ ಜೂನ್ ತಿಂಗಳಲ್ಲಿ ಸಮುದ್ರ ತೋರಿಸಬೇಕೆಂಬುದು ಅವನ ಆಸೆ. ಇಂದು ಸಂಜೆ ಸಾವಿರದ ಇನ್ನೂರನ್ನೂ ಅವಳ ಕೈಗೆ ಎಣಿಸಿ ಇಡಬೇಕು. ಒಂದು ಡಾಲರ್ ಕಡಿಮೆಯಾದರೂ ಸಾಯುವ ತನಕ ಜಾಡಿಯ ಪುರಾಣ ಕೇಳಬೇಕು.

ಅವನು ನೇರ ಮ್ಯಾನೇಜರ್ ಜೋಸೆಲಿನ್ ಟೆಟ್ರೋ ಮುಂದೆ ಹೋಗಿ ನಿಂತ. ಹೆತ್ತ ತಾಯಿಯಿಂದಲೇ ಚೆಕ್ ಪುಸ್ತಕದ ಹಣ ವಸೂಲು ಮಾಡಿದ ಹೆಂಗಸು ಆಕೆ. ಊರಿನವರು ಅವಳನ್ನು ಮನಸಾರೆ ಬೈಯುತ್ತಿದ್ದರು, ಚರ್ಚಿನ ಕಾಣಿಕೆ ಎಣಿಸಲು ಮಾತ್ರ ಅವಳನ್ನೇ ಕರೆಯುತ್ತಿದ್ದರು.

"ಶುಲ್ಕದ ವಿಷಯ ಕಾಗದದಲ್ಲಿ ಬರ್ದಿತ್ತು, ಓರೆಸ್ಟ್. ನೀವು ಸಹಿ ಹಾಕಿದೀರಿ. ನಿಮಗೆ ಬಿಟ್ರೆ ನಾಳೆ ಎಲ್ಲರಿಗೂ ಬಿಡ್ಬೇಕಾಗತ್ತೆ" ಎಂದಳು ಆಕೆ, ಬಹಳ ಮರ್ಯಾದೆಯಿಂದ.

ಅಷ್ಟರಲ್ಲಿ ಸಾಲಿನಲ್ಲಿ ನಿಂತಿದ್ದ ಕ್ಷೌರದ ಕ್ಲಿಫ್ ಮತ್ತು ಅಂಚೆ ಕಚೇರಿಯ ಡೋರಿಸ್ ಪರೋಪಕಾರಕ್ಕೆ ಇಳಿದರು. ಕ್ಲಿಫ್ ಹೇಳಿದಂತೆ ಓರೆಸ್ಟ್ ಮುಖ್ಯ ಕಚೇರಿಗೆ ಫೋನ್ ಮಾಡಿ, ನಲವತ್ತು ನಿಮಿಷ ಕಾಯುತ್ತ ಫೋನಿನಲ್ಲಿ ಪಿಟೀಲು ಕೇಳಿದ. ಕೊನೆಗೆ ಬಂದ ದನಿ, ನಿಮ್ಮ ಶಾಖೆಯ ಮ್ಯಾನೇಜರನ್ನು ಕಾಣಿ ಎಂದಿತು. ಹಣ ವಾಪಸು ತುಂಬಿ ಖಾತೆಯನ್ನೇ ಬೇರೆ ಬ್ಯಾಂಕಿಗೆ ಸಾಗಿಸು ಎಂದಳು ಡೋರಿಸ್. ವಿಚಾರಿಸಿದರೆ, ಸಾಗಿಸುವ ಶುಲ್ಕ ಎಪ್ಪತ್ತೈದು. ಸಾಲ ಕೇಳೋಣವೆಂದರೆ, ಆ ಊರಿನಲ್ಲಿ ಸಾಲದ ಸುದ್ದಿ ಸಾಲಗಾರನಿಗಿಂತ ಮೊದಲು ಮನೆ ಸೇರುತ್ತಿತ್ತು.

ಆಗ ಕ್ಲಿಫ್, ಇಬ್ಬರೂ ಐಸ್ ಮೇಲೆ ತೀರ್ಮಾನ ಮಾಡಿಕೊಳ್ಳಿ ಎಂದ. ಫೆಬ್ರವರಿಯ ಶುಕ್ರವಾರ, ಸಂಜೆ ಹೇಗೂ ಕರ್ಲಿಂಗ್ ಆಟವಿತ್ತು. ಭಾರದ ಕಲ್ಲನ್ನು ಐಸ್ ಮೇಲೆ ಜಾರಿಸಿ, ಅದರ ಮುಂದೆ ಪೊರಕೆಯಿಂದ ಉಜ್ಜಿ ದಾರಿ ನಯ ಮಾಡುತ್ತ, ಬಣ್ಣದ ವೃತ್ತದ ನಡುವಿಗೆ ಎಲ್ಲರಿಗಿಂತ ಹತ್ತಿರ ನಿಲ್ಲಿಸಿದವರು ಅದರಲ್ಲಿ ಗೆದ್ದಂತೆ.

ಜೋಸೆಲಿನ್ ಯೋಚಿಸಿದಳು. "ಬ್ಯಾಂಕಿಗೆ ಸಲ್ಲೋದು ಸಂದಾಯ್ತು, ಅದು ವಾಪಸು ಬರಲ್ಲ. ಆದ್ರೆ ನೀವು ಗೆದ್ರೆ ನನ್ನ ಪರ್ಸಿನಿಂದ ಐವತ್ತು ಕೊಡ್ತೀನಿ."

ಆಕೆ ಧಾರಾಳಿಯೇನಲ್ಲ. ಓರೆಸ್ಟ್ ಇಪ್ಪತ್ತೆರಡು ವರ್ಷದಿಂದ ಕಲ್ಲು ಜಾರಿಸುತ್ತಿದ್ದರೂ ಒಮ್ಮೆಯೂ ಗೆದ್ದವನಲ್ಲವೆಂಬುದು ಊರಿಗೇ ಗೊತ್ತಿತ್ತು. ಗೆದ್ದವರು ಸೋತವರಿಗೆ ಕುಡಿಸಬೇಕೆಂಬುದು ಆ ಆಟದ ಹಳೇ ಕಟ್ಟಳೆ. ಹಾಗಾಗಿ ಅವನ ತಂಡ ಸೇರಲು ಬಾಯಾರಿದವರ ಸಾಲೇ ಇರುತ್ತಿತ್ತು. ಅಂದೂ ಕ್ಲಿಫ್ ಮತ್ತು ಡೋರಿಸ್ ಪೊರಕೆ ಹಿಡಿದು ಅವನ ಕಡೆ ನಿಂತರು. ಜೋಸೆಲಿನ್ ಸುತ್ತ ನೋಡಿ, ಊರಿನಲ್ಲೇ ಚೆನ್ನಾಗಿ ಗುಡಿಸುವವರನ್ನು ಆರಿಸಿಕೊಂಡಳು. ಅದು ಸ್ಟೆಫಾ. ಪಂದ್ಯ ಯಾತಕ್ಕೆಂದು ಆಕೆಗೆ ಯಾರೂ ಹೇಳಿರಲಿಲ್ಲ.

ಒಂದೇ ಸುತ್ತಿನ ಆಟ. ಓರೆಸ್ಟ್ ತನ್ನ ಕೊನೆಯ ಕಲ್ಲು ಬಿಡುವಾಗ ಕಾಲು ಜಾರಿ ಹೊಟ್ಟೆಯ ಮೇಲೆ ಬಿದ್ದ. ಅದೃಷ್ಟವೆಂದರೆ ಕಲ್ಲು ಅವನಿಗಿಂತ ನೆಟ್ಟಗೆ ಹೋಗಿ, ಬಣ್ಣದ ವೃತ್ತದ ನಡುವಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಜೋಸೆಲಿನ್ ತನ್ನ ಕಲ್ಲು ಬಿಟ್ಟು ತಾನೂ ಗುಡಿಸುತ್ತ ಹಿಂದೆಯೇ ಓಡಿದಳು. ಸ್ಟೆಫಾ ಪೊರಕೆಯಲ್ಲಿ ಐಸನ್ನು ಉಜ್ಜಿದ ರಭಸಕ್ಕೆ ಕಲ್ಲು ತೇಲಿಕೊಂಡು ಬಂದು ಸರಿಯಾಗಿ ನಡುಮಧ್ಯೆ ಕುಳಿತಿತು. ಚಪ್ಪಾಳೆ ಬಿತ್ತು. ಓರೆಸ್ಟನ ಕಣ್ಣ ಮುಂದೆ ಉಪ್ಪಿನಕಾಯಿ ಜಾಡಿ ಬಂದು ನಿಂತಿತು.

ಜೋಸೆಲಿನ್ ಕೈ ಎತ್ತಿದಳು. "ಅರ್ಧ ದಾರೀಲಿ ನನ್ನ ಪೊರಕೆ ಕಲ್ಲಿಗೆ ತಾಕ್ತು. ಈ ಕಲ್ಲು ಲೆಕ್ಕಕ್ಕಿಲ್ಲ."

ತಾಕಿದ್ದನ್ನು ಯಾರೂ ಕಂಡಿರಲಿಲ್ಲ, ಪಕ್ಕದಲ್ಲೇ ಗುಡಿಸುತ್ತಿದ್ದ ಸ್ಟೆಫಾ ಕೂಡ. ಜೋಸೆಲಿನ್ ಬಾಯಿ ಮುಚ್ಚಿಕೊಂಡಿದ್ದರೆ ಆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಬೆಳಿಗ್ಗೆ ಓರೆಸ್ಟನಿಗೆ ಒಂದು ಡಾಲರ್ ಬಿಡದ ಹೆಂಗಸು ಈಗ ತನಗೂ ಏನೂ ಬಿಟ್ಟುಕೊಳ್ಳಲಿಲ್ಲ. ತನ್ನ ಕಲ್ಲನ್ನು ತಾನೇ ಪಕ್ಕಕ್ಕೆ ತಳ್ಳಿ, ಪರ್ಸಿನಿಂದ ಐವತ್ತರ ಕೆಂಪು ನೋಟೊಂದನ್ನು ತೆಗೆದು ಓರೆಸ್ಟನ ಕೈಯಲ್ಲಿಟ್ಟಳು. ಇಂಥವರ ಬ್ಯಾಂಕಿನಲ್ಲಿ ಶುಲ್ಕ ಕೊಡುವುದೂ ಒಂದು ಪುಣ್ಯ ಎಂದು ಅವನಿಗೆ ಅನಿಸಿತು. ಆ ಭಕ್ತಿಯಲ್ಲಿ ನೋಟು ಹಿಂದಿರುಗಿಸುವಷ್ಟು ದಡ್ಡ ಅವನಲ್ಲ. ಜೇಬಿನಲ್ಲಿದ್ದ ಬ್ಯಾಂಕಿನ ಲಕೋಟೆಯಲ್ಲಿ ಸಾವಿರದ ಇನ್ನೂರು ಪೂರ್ತಿಯಾಯಿತು.

ಅಷ್ಟರಲ್ಲಿ ಬಾರಿನ ಕಟ್ಟೆಯ ಹಿಂದೆ ಬಿಯರ್ ಹೊಯ್ಯುವವನು, ಗೆದ್ದವರು ಬಂದು ಕುಡಿಸಲಿ ಎಂದು ಗಂಟೆ ಬಾರಿಸಿದ. ಇಪ್ಪತ್ತೆರಡು ವರ್ಷದಲ್ಲಿ ಆ ಗಂಟೆ ಓರೆಸ್ಟನಿಗಾಗಿ ಬಾರಿಸಿದ್ದು ಅದೇ ಮೊದಲು.

ತಿರುಗಿ ನೋಡಿದರೆ ಉದ್ದದ ಮೇಜಿನ ಸುತ್ತ ಒಂಬತ್ತು ಜನ ಸೋತವರು ಕುಳಿತಿದ್ದರು. ಜೋಸೆಲಿನ್, ಸ್ಟೆಫಾ, ಮ್ಯಾನೇಜರ್ ಪಕ್ಷವೆಂದು ಬಂದಿದ್ದ ಐವರು ಬ್ಯಾಂಕಿನವರು, ಕೊನೆಯಲ್ಲಿ ಕ್ಲಿಫ್ ಮತ್ತು ಡೋರಿಸ್.

"ನೀವು ನನ್ನ ತಂಡದವ್ರಲ್ವಾ?" ಎಂದ ಓರೆಸ್ಟ್.

"ಗೆದ್ದಿದ್ದು ನಿನ್ನ ಕಲ್ಲು ಮಾರಾಯ. ನಾವು ಬರೀ ಗುಡಿಸಿದ್ದು" ಎಂದ ಕ್ಲಿಫ್.

ಓರೆಸ್ಟ್ ಆಸೆಯಿಂದ ಮ್ಯಾನೇಜರ್ ಮುಖ ನೋಡಿದ. ಕಟ್ಟಳೆ ಅಂದರೆ ಕಟ್ಟಳೆ ಎಂದು ಆಕೆ ಮೃದುವಾಗಿ ಹೇಳಿ, ಟೊಮೆಟೊ ರಸ ಬೆರೆಸಿದ ಬಿಯರ್ ಕೇಳಿದಳು. ಒಂಬತ್ತು ಲೋಟ, ಲೋಟಕ್ಕೆ ಆರು ಡಾಲರ್. ಜೇಬಿನಲ್ಲಿ ಬೇರೆ ದುಡ್ಡಿರಲಿಲ್ಲ. ಓರೆಸ್ಟ್ ಲಕೋಟೆ ಬಿಚ್ಚಿ ಐವತ್ತನಾಲ್ಕು ಎಣಿಸಿ ಕೊಟ್ಟ.

ಲಕೋಟೆ ಕಂಡು ಸ್ಟೆಫಾ ಹುಬ್ಬೇರಿಸಿದಳು. ಇಡೀ ದಿನ ತಡೆದುಕೊಂಡಿದ್ದ ಡೋರಿಸ್ ಎರಡೇ ನಿಮಿಷದಲ್ಲಿ, ರಸೀದಿಯಿಂದ ಪಿಟೀಲಿನವರೆಗೆ, ಎಲ್ಲವನ್ನೂ ಒಪ್ಪಿಸಿದಳು. ಸ್ಟೆಫಾ ನಿಧಾನವಾಗಿ ಲೋಟ ಮುಗಿಸಿ, ಬಾಯಿ ಒರೆಸಿಕೊಂಡು, ಲಕೋಟೆಗೆ ಕೈ ಚಾಚಿದಳು.

"ಬೆಳಿಗ್ಗೆನೇ ಆ ಐವತ್ತು ಹೋಯ್ತು ಅಂದ್ಕೊಂಡು ಮನೆಗೆ ಬಂದಿದ್ರೆ ನಾಲ್ಕು ಡಾಲರ್ ಉಳೀತಿತ್ತು ಕಣೋ" ಎಂದಳು. "ನಡಿ ಮನೆಗೆ. ಜಾಡಿ ತೊಳೀಬೇಕು."