ಹಿಂದಕ್ಕೆ ನಡೆದು ನನ್ನ ಮದುವೆಗೆ ಅಡ್ಡಬಂದ ಹಡಗಿಗೆ

ಎರಡನೆಯ ಮಹಾಯುದ್ಧದಲ್ಲಿ ಮೆರೆದು, ಈಗ ಅಲಮೀಡಾ ಬಂದರಿನಲ್ಲಿ ವಸ್ತುಸಂಗ್ರಹಾಲಯವಾಗಿ ವಿಶ್ರಮಿಸುತ್ತಿರುವ ವಿಮಾನವಾಹಕ ನೌಕಾಮಹಾಶಯರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಉಕ್ಕಿನ ಮೈಗೆ ತುಕ್ಕು ತಾಗದಿರಲಿ, ತಮ್ಮ ಲಂಗರು ಸಡಿಲದಿರಲಿ, ಶಾಲೆಯ ಮಕ್ಕಳು ತಮ್ಮ ಫಿರಂಗಿಗಳಿಗೆ ಚೂಯಿಂಗ್ ಗಮ್ ಅಂಟಿಸದಿರಲಿ ಎಂದು ಹಾರೈಸುತ್ತ, ಮೂಲತಃ ಹುಬ್ಬಳ್ಳಿಯವನೂ ಸದ್ಯ ತಮ್ಮ ದೇಶದ ಸನಿವೇಲ್ ಊರಿನ ನಿವಾಸಿಯೂ ಆದ ಸಾಫ್ಟ್‌ವೇರ್ ಇಂಜಿನಿಯರ್ ಗುರುಪ್ರಸಾದನೆಂಬ ನಾನು ಈ ದೂರನ್ನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಕಳೆದ ತಿಂಗಳು, ಅಂದರೆ ಎರಡು ಸಾವಿರದ ಇಸವಿಯ ಮಾರ್ಚಿನಲ್ಲಿ, ಕ್ಯಾಂಪ್‌ಬೆಲ್ ಊರಿನ ದಾನೇಶ್ವರಿ ಎಂಬ ಕನ್ಯೆಯನ್ನು ನೋಡುವ ಶಾಸ್ತ್ರ ತಮ್ಮ ಡೆಕ್ಕಿನ ಮೇಲೆ ನಡೆಯಿತು. ನಮ್ಮ ಕಡೆ ಇದು ನಡುಮನೆಯ ಜಮಖಾನೆಯ ಮೇಲೆ, ಉಪ್ಪಿಟ್ಟು-ಶಿರಾದ ಸಾಕ್ಷಿಯಲ್ಲಿ ಮುಗಿಯುವ ಕೆಲಸ. ಅಷ್ಟು ದೊಡ್ಡ ಹಡಗಿನ ಮೇಲೆ ನಿಂತರೆ ನಾನೂ ಸ್ವಲ್ಪ ದೊಡ್ಡವನಾಗಿ ಕಂಡೇನೆಂದು ಈ ಜಾಗ ಸೂಚಿಸಿದ ಜಾಣ ನಾನೇ. ಹುಡುಗಿಯ ಜೊತೆಗೆ ಗದಗಿನಿಂದ ಬಂದಿದ್ದ ಆಕೆಯ ಅಜ್ಜಿ ಕಾಶವ್ವನವರೂ ಬಂದರು. ಸಂಬಂಧ ಕುದುರುವುದೂ ಮುರಿಯುವುದೂ ಅವರ ಒಂದು ಮಾತಿನಲ್ಲಿದೆ. ಅವರಿಗೆ ಇಂಗ್ಲಿಷ್ ಬಾರದು. ಆದ್ದರಿಂದ ನೌಕಾಮಹಾಶಯರಾದ ತಮ್ಮ ಸೇವಾಚರಿತ್ರೆಯನ್ನು ಬಂದವರಿಗೆ ವರ್ಣಿಸುತ್ತಿದ್ದ ವೃದ್ಧ ನಾವಿಕರ ಮಾತನ್ನು ಕನ್ನಡಕ್ಕೆ ತಿರುಗಿಸುವ ಹೊಣೆಯನ್ನು, ಭಾವಿ ಅಳಿಯನ ವಿನಯ ಮೆರೆಯಲೆಂದು, ನಾನಾಗಿಯೇ ಮೈಮೇಲೆ ಎಳೆದುಕೊಂಡೆ.

ತಾವೇನು ಕಡಿಮೆ ಮಾಡಿದ್ದೀರಾ! ಯುದ್ಧದ ನಡುವೆಯೇ ಹುಟ್ಟಿ, ಬಾಲ್ಯವೆಂಬುದನ್ನೇ ಕಾಣದೆ ಶಾಂತಸಾಗರದಲ್ಲಿ ಕಾದಾಡಿದಿರಿ. ಯುದ್ಧ ಮುಗಿದ ಮೇಲೆ ಮೂಲೆಗೆ ಕೂರಿಸಿದರೆ ಮುನಿಸಿಕೊಳ್ಳದೆ ಕೂತಿರಿ, ಮತ್ತೆ ಕರೆದಾಗ ಮರುಮಾತಿಲ್ಲದೆ ಎದ್ದು ಬಂದಿರಿ. ಚಂದ್ರನ ಮೇಲೆ ನಡೆದು ಬಂದು ಸಮುದ್ರಕ್ಕೆ ಬಿದ್ದವರನ್ನು ಎತ್ತಿ ತಂದಿರಿ. ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆದರೆ ಯುದ್ಧಕಾಲದಲ್ಲೇ ಒಮ್ಮೆ ಬಿರುಗಾಳಿಗೆ, ವಿಮಾನಗಳು ಓಡಿ ಮೇಲೇರುವ ಮುಂಭಾಗದ ಡೆಕ್ಕು ಮುರಿದು ಕುಸಿದಾಗ, ಎಲ್ಲರಂತೆ ರಜೆ ಕೇಳುವುದು ಬಿಟ್ಟು, ತಾವು ಹಿಂದಹಿಂದಕ್ಕೆ ಚಲಿಸುತ್ತ ಹಿಂಬದಿಯಿಂದಲೇ ವಿಮಾನ ಹಾರಿಸಿದಿರೆಂದು ಆ ನಾವಿಕರು ಕೊನೆಗೆ ಹೇಳಿದರು. ಈ ಅಧಿಕಪ್ರಸಂಗವನ್ನು ತಮಗೆ ಯಾರು ಹೇಳಿಕೊಟ್ಟರು? ನಾನು ಮೂರ್ಖ, ಒಂದಕ್ಷರ ಬಿಡದೆ ಅನುವಾದಿಸಿದೆ.

ಕಾಶವ್ವನವರು ಡೆಕ್ಕನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ನನ್ನ ಕಡೆ ತಿರುಗಿ, "ತಮ್ಮಾ, ನೀ ನೌಕರಿಗೆ ಹತ್ತಿ ಎಷ್ಟ್ ವರ್ಷ ಆತು?" ಎಂದರು. ಕಂಪ್ಯೂಟರ್ ಕಂಪನಿಗಳ ಈ ಕಣಿವೆಯಲ್ಲಿ ಕೆಲಸ ಬಿಡುವುದೇ ಒಂದು ಅರ್ಹತೆಯಾದ್ದರಿಂದ ನಾನು ಎದೆಯುಬ್ಬಿಸಿ ಹೇಳಿದೆ: ವೆಬ್‌ನಲ್ಲಿ ಕೊಡೆ ಬಾಡಿಗೆಗೆ ಕೊಡುವ ಕಂಪನಿಯನ್ನು ಎಸಿ ಸದ್ದು ಮಾಡುತ್ತದೆಂದು ಬಿಟ್ಟೆ, ಬೆಕ್ಕುಗಳ ಜಾತಕ ಬರೆಯುವ ಕಂಪನಿಯನ್ನು ಎದುರು ಆಫೀಸಿನ ಕುರ್ಚಿ ಚೆನ್ನಾಗಿದೆಯೆಂದು ಬಿಟ್ಟೆ, ಈಗಿನದು ಏನು ಮಾಡುತ್ತದೆಂಬುದನ್ನು ಅದರ ಸ್ಥಾಪಕರೇ ಇನ್ನೂ ಹುಡುಕುತ್ತಿದ್ದಾರೆ.

"ಮುಂದಿನ ಮೂತಿ ಮುರದ್ರೂ ಹಿಂದಕ್ಕ ನಡದು ಕೆಲಸಾ ಮುಗಿಸೇತಿ ಇದು. ನೀ ಎಸಿ ಸಪ್ಪಳಕ್ಕ ಓಡಿ ಬಂದಿ. ನಾಳೆ ನಮ್ಮ ಹುಡುಗಿ ಗೊರಕಿ ಹೊಡದ್ರ ಏನ್ ಮಾಡಾಂವಾ? ಒಂದ ಕಡೆ ಒಂದ ವರ್ಷ ನಿಂತು ತೋರಸು, ಆಮ್ಯಾಲೆ ಮಾತು" ಎಂದು ಅವರು ತೀರ್ಪು ಕೊಟ್ಟರು. ತಮ್ಮ ಕಡಿದಾದ ಏಣಿ ಇಳಿಯುವಾಗ ದಾನೇಶ್ವರಿ ತಿರುಗಿ ನೋಡಿ ನಕ್ಕಳು. ನನಗೆ ಆಕೆ ಬಹಳ ಇಷ್ಟವಾಗಿದ್ದಾಳೆ. ಇದೊಂದು ವಾಕ್ಯವನ್ನು ನಾನು ತಮಾಷೆಗೆ ಬರೆದಿಲ್ಲ.

ಆದಕಾರಣ ತಾವು ದಯಮಾಡಿ, ಕ್ಯಾಪ್ಟನ್ ಮೇಲಿನ ಸಿಟ್ಟಿಗೆ ಒಂದು ಸಲವಾದರೂ ರಾಜೀನಾಮೆ ಬಿಸಾಕಿ ಮನೆಗೆ ಹೋಗಿದ್ದುಂಟೆಂದು ಬಹಿರಂಗವಾಗಿ ಒಪ್ಪಿಕೊಳ್ಳಬೇಕು. ಅದು ಗೌರವಕ್ಕೆ ಕುಂದೆನಿಸಿದರೆ, ಲಂಗರೆತ್ತಿ 880 ಫ್ರೀವೇ ಹೆದ್ದಾರಿ ಹಿಡಿದು ಕ್ಯಾಂಪ್‌ಬೆಲ್‌ಗೆ ಖುದ್ದಾಗಿ ದಯಮಾಡಿಸಿ ಕಾಶವ್ವನವರಿಗೆ ನನ್ನ ಪರವಾಗಿ ನಾಲ್ಕು ಮಾತು ಹೇಳಬೇಕು. ಫ್ರೀವೇಯಲ್ಲಿ ಹಿಂದಕ್ಕೆ ಚಲಿಸಿದರೆ ಪೊಲೀಸರು ಹಿಡಿಯುತ್ತಾರೆ. ತಮಗೆ ಆ ಚಾಳಿ ಇರುವುದರಿಂದ ಮುನ್ನೆಚ್ಚರಿಕೆ ಕೊಟ್ಟಿದ್ದೇನೆ.

ತಮ್ಮ ಡೆಕ್ಕಿನ ಮೇಲೆ ಮಾನ ಕಳೆದುಕೊಂಡ ಮೇಲೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಗುರುಪ್ರಸಾದ

ತಾ.ಕ.: ಪತ್ರವನ್ನು ಲಕೋಟೆಗೆ ಹಾಕುವಷ್ಟರಲ್ಲಿ ಷೇರುಪೇಟೆ ಬಿದ್ದು ನಮ್ಮ ಕಂಪನಿ ಬಾಗಿಲು ಹಾಕಿತು. ಈ ಸಲ ನಾನು ಬಿಡಲಿಲ್ಲ, ಅದೇ ನನ್ನನ್ನು ಬಿಟ್ಟಿತು. ಕಥೆ ಮುಗಿಯಿತೆಂದು ಕೂತಿದ್ದಾಗ ದಾನೇಶ್ವರಿ ಫೋನ್ ಮಾಡಿ ಅಜ್ಜಿಯ ಮಾತು ತಲುಪಿಸಿದಳು: "ಹುಡುಗನ ಮೂತಿ ಈಗ ಮುರದೈತಿ, ಹಿಂದಕ್ಕ ಹೆಂಗ ನಡೀತಾನ ನೋಡೂಣು. ಐತವಾರ ಊಟಕ್ಕ ಕರಿ." ಹೋಗುತ್ತಿದ್ದೇನೆ. ಊಟ ಮನೆಯಲ್ಲೇ, ಜಮಖಾನೆಯ ಮೇಲೆ. ತಮಗೆ ಮಾತ್ರ ಆಮಂತ್ರಣವಿಲ್ಲ.