ಮೆಂಜಿಯ ಏಳು ಹೆಜ್ಜೆ

ಜಯರಾಮುವಿನ ಕಷ್ಟ ಶುರುವಾದದ್ದು ವರಮಹಾಲಕ್ಷ್ಮಿ ಹಬ್ಬ ಶನಿವಾರಕ್ಕೆ ಬಿದ್ದದ್ದರಿಂದ. ಪಂಚಾಂಗದಲ್ಲಿ ಅದು ಶುಕ್ರವಾರವೇ. ಆದರೆ ನ್ಯೂಜೆರ್ಸಿಯಲ್ಲಿ ಶುಕ್ರವಾರ ಯಾರಿಗೆ ಪುರುಸೊತ್ತು? ಇಲ್ಲಿ ಲಕ್ಷ್ಮಿಯೂ ವೀಕೆಂಡ್ ನೋಡಿಕೊಂಡೇ ಬರಬೇಕು. ಹೀಗಾಗಿ ಸಮರ್‌ಸೆಟ್ಟಿನಲ್ಲಿ ಅವನ ಮನೆಯಿಂದ ನಾಲ್ಕು ಮನೆ ಆಚೆಗಿದ್ದ ಶಿವಪ್ರಕಾಶನ ಮನೆಯಲ್ಲಿ ಹಬ್ಬದೂಟ ಶನಿವಾರ ಹನ್ನೊಂದಕ್ಕೆ ಎಂದು ನಿಶ್ಚಯವಾಯಿತು. ಅದೇ ಶನಿವಾರ ಒಂದು ಗಂಟೆಗೆ ವೆಸ್ಟ್ ವಿಂಡ್ಸರ್ ಪಾರ್ಕಿನಲ್ಲಿ ಮ್ಯಾಚು.

ಅದು ಅಂತಿಂಥ ಮ್ಯಾಚಲ್ಲ. ಜಯರಾಮು ಕ್ಯಾಪ್ಟನ್ ಆಗಿದ್ದ ಕನ್ನಡಿಗರ ತಂಡ ಆ ಸೀಸನ್ನಿನಲ್ಲಿ ಹತ್ತರಲ್ಲಿ ಎಂಟು ಸೋತಿತ್ತು. ಇದೂ ಕೈಬಿಟ್ಟರೆ ಕೆಳಗಿನ ಡಿವಿಷನ್ನಿಗೆ ಇಳಿಯಬೇಕು. ಆಗ ಕ್ಯಾಪ್ಟನ್ನನ್ನೂ ಇಳಿಸುತ್ತಾರೆ ಎಂದು ತಂಡದ ವಾಟ್ಸಾಪ್ ಗುಂಪಿನಲ್ಲಿ ಯಾರೂ ಬರೆದಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಐವತ್ತರ ಹತ್ತಿರ ಬಂದರೂ ಜಯರಾಮುವನ್ನು ಆಫೀಸಿನಲ್ಲಿ ಯಾವುದಕ್ಕೂ ಮುಖ್ಯಸ್ಥನನ್ನಾಗಿ ಮಾಡಿರಲಿಲ್ಲ, ಮನೆಯಲ್ಲಂತೂ ಆ ಮಾತೇ ಇರಲಿಲ್ಲ. ಯಾರಾದರೂ ‘ಕ್ಯಾಪ್ಟನ್’ ಎಂದು ಕರೆದರೆ ಅವನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು.

ಅವನ ಆಸೆಯೆಲ್ಲ ಈಗ ಮನೆಯ ಬೇಸ್‌ಮೆಂಟಿನಲ್ಲಿ ಮಲಗಿತ್ತು. ಹೆಸರು ಮೆಂಜಿ, ಹತ್ತೊಂಬತ್ತು ವರ್ಷ, ಆರಡಿ ನಾಲ್ಕಂಗುಲ, ದಕ್ಷಿಣ ಆಫ್ರಿಕಾದ ಪೀಟರ್‌ಮರಿಟ್ಜ್‌ಬರ್ಗಿನವನು. ಶಾಲೆಯಲ್ಲಿದ್ದಾಗಲೇ ಸ್ಟಂಪು ಮುರಿಯುತ್ತಿದ್ದ ಈ ವೇಗದ ಬೌಲರನ್ನು ಅಲ್ಲಿನ ಪ್ರಾಂತ್ಯದ ಕಿರಿಯರ ತಂಡ ಎತ್ತಿಕೊಂಡು, ಎರಡೇ ತಿಂಗಳಲ್ಲಿ ಆಡುವ ಹನ್ನೊಂದರಿಂದ ಇಳಿಸಿತ್ತು. ಕಾರಣ ನೋಬಾಲ್. ಮೂವತ್ತು ಹೆಜ್ಜೆ ದೂರದಿಂದ ಓಡಿ ಬರುವಷ್ಟರಲ್ಲಿ ಹುಡುಗನ ಕಾಲು ಗೆರೆ ದಾಟಿರುತ್ತಿತ್ತು. ಓಟ ಕಡಿಮೆ ಮಾಡು ಎಂದು ಕೋಚುಗಳು ಎರಡು ವರ್ಷ ಬಡಕೊಂಡು ಸೋತು, ಸ್ವಲ್ಪ ದಿನ ಹೊರಗೆ ಆಡಿ ಬಾ ಎಂದು ಕಳಿಸಿದ್ದರು. ಹಾಗೆ ಬಂದು ಜಯರಾಮುವಿನ ತಂಡ ಸೇರಿದ್ದ. ನ್ಯೂಜೆರ್ಸಿಯಲ್ಲೂ ಗೆರೆ ಅಲ್ಲೇ ಇತ್ತು, ಕಾಲೂ ಹಾಗೇ ಇತ್ತು.

ಹುಡುಗ ಮಾತ್ರ ಅಪರಂಜಿ. ಜಯರಾಮುವಿನ ಹೆಂಡತಿ ರಾಜಿ ಒಂದು ಲೋಟ ನೀರು ಕೊಟ್ಟರೂ ಎರಡೂ ಕೈಯಲ್ಲಿ ತೆಗೆದುಕೊಂಡು “ಥ್ಯಾಂಕ್ಯೂ ಆಂಟಿ” ಎನ್ನುತ್ತಿದ್ದ. ಅವನ ಊರಿನಲ್ಲೂ ನಮ್ಮವರು ಬೇಕಾದಷ್ಟಿದ್ದಾರಂತೆ, ಅಂಕಲ್ ಆಂಟಿ ಎಲ್ಲ ಅಲ್ಲೇ ಅಭ್ಯಾಸವಾಗಿತ್ತು. ಆ ಶನಿವಾರ ಒಂದು ವೃತ್ತಿಪರ ತಂಡದ ಸೆಲೆಕ್ಟರ್ ಅವನನ್ನು ನೋಡಲೆಂದೇ ಪಾರ್ಕಿಗೆ ಬರುವವನಿದ್ದ. ಹುಡುಗನ ಬಾಳು, ತನ್ನ ಪಟ್ಟ, ಎರಡೂ ಆ ಕಾಲಿನ ಮೇಲೆ ನಿಂತಿದ್ದವು ಎಂದು ಜಯರಾಮುವಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ.

ಹಬ್ಬದ ಮನೆಯಲ್ಲಿ ಮುಖ ತೋರಿಸಿ, ಹಣ್ಣು ತಿಂದು ಎದ್ದುಬಿಡುವುದು ಅವನ ಲೆಕ್ಕಾಚಾರ. ಆದರೆ ಅಲ್ಲಿ ಶಿವಪ್ರಕಾಶನ ತಾಯಿ ಶಿವಲಿಂಗಮ್ಮನವರಿದ್ದರು. ತಿಪಟೂರಿನಿಂದ ಆರು ತಿಂಗಳಿಗೆಂದು ಬಂದವರು, ಬಡಿಸಲು ಹೊಸಬರು ಸಿಗದೆ ಸೊರಗಿದ್ದರು. ಮೆಂಜಿ ಮಂಡಿಯನ್ನು ಕಿವಿಯವರೆಗೆ ಮಡಚಿಕೊಂಡು ಬಾಳೆ ಎಲೆಯ ಮುಂದೆ ಕೂತ. ಮೊದಲನೇ ಒಬ್ಬಟ್ಟಿಗೇ ಎರಡೂ ಕೈ ಒಡ್ಡಿ, ಸೊಸೆ ಹಂಸಿನಿ ಹೇಳಿಕೊಟ್ಟಂತೆ, “ಥ್ಯಾಂಕ್ಯೂ ಅಜ್ಜಿ” ಎಂದ. ಅಜ್ಜಿ ಕರಗಿಹೋದರು.

“ತಿನ್ನು ಮಗ, ಇಷ್ಟುದ್ದ ಇದ್ದೀಯ, ಎರಡು ಒಬ್ಬಟ್ಟು ಎಲ್ಲಿಗಾಗ್ತದೆ.”

“ಸಾಕಮ್ಮ, ಅವನು ಓಡ್ಬೇಕು,” ಎಂದ ಜಯರಾಮು.

“ಹಬ್ಬದ ದಿನ ಯಾಕಪ್ಪ ಓಡ್ತಾನೆ, ಕೂತ್ಕೊಳ್ಲಿ ಬಿಡು.”

ಮೂರನೆಯದಕ್ಕೆ ಜಯರಾಮು ಹುಡುಗನ ಎಲೆಗೆ ಕೈ ಅಡ್ಡ ಹಿಡಿದ. ತುಪ್ಪ ಅವನ ಕೈಮೇಲೆ ಬಿತ್ತು. ಐದನೆಯದನ್ನು ತನ್ನ ಎಲೆಗೆ ಹಾಕಿಸಿಕೊಂಡು ದಾರಿ ತಪ್ಪಿಸಲು ನೋಡಿದ. ಅವನಿಗೂ ಆಸೆಯಾಗಿದೆ ಎಂದು ತಿಳಿದ ಅಜ್ಜಿ ಇಬ್ಬರಿಗೂ ಎರಡೆರಡು ಬಡಿಸಿದರು. ಮೆಂಜಿ ಯಾವುದಕ್ಕೂ ಬೇಡವೆನ್ನಲಿಲ್ಲ. ಒಂಬತ್ತು ಒಬ್ಬಟ್ಟು, ಅದರ ಮೇಲೆ ಚಿತ್ರಾನ್ನ, ಕೋಸಂಬರಿ, ಎರಡು ಲೋಟ ಪಾಯಸ. ಅದೇ ತಂಡದಲ್ಲಿ ಆಡುತ್ತ, ಪ್ರತಿ ಮ್ಯಾಚಿನ ಅಂಕಿಅಂಶವನ್ನು ಎಕ್ಸೆಲ್ಲಿನಲ್ಲಿಟ್ಟು ಕ್ಯಾಪ್ಟನ್‌ನ ತಪ್ಪು ಹುಡುಕುತ್ತಿದ್ದ ಶಿವಪ್ರಕಾಶ ಪಕ್ಕದಲ್ಲಿ ಕೂತು, ಊಟಕ್ಕೆ ಕೂತವರನ್ನು ತಡೆಯಬಾರದು ಸಾರ್ ಎಂದು ಬುದ್ಧಿ ಹೇಳಿದ.

ಕಾರಿನಲ್ಲಿ ಮೆಂಜಿ ಹೊರಟ ಐದು ನಿಮಿಷಕ್ಕೆ ಗೊರಕೆ ಹೊಡೆಯತೊಡಗಿದ. ರೂಟ್ ಒಂದರ ಟ್ರಾಫಿಕ್ಕಿನಲ್ಲಿ ಜಯರಾಮು ನೆನಪಿಗೆ ಬಂದ ದೇವರನ್ನೆಲ್ಲ ಕರೆದ. ಟಾಸ್ ಗೆದ್ದರೆ ಮೊದಲು ಬ್ಯಾಟಿಂಗ್ ತೆಗೆದುಕೊಂಡು, ಒಬ್ಬಟ್ಟು ಅರಗುವಷ್ಟು ಹೊತ್ತನ್ನಾದರೂ ಸಂಪಾದಿಸೋಣವೆಂದುಕೊಂಡ. ಟಾಸ್ ಸೋತ.

ಎದುರಿನವರು ಬ್ಯಾಟು ಹಿಡಿದು ಬಂದರು. ಸೆಲೆಕ್ಟರ್ ಮಡಚುವ ಕುರ್ಚಿ ಬಿಡಿಸಿ ಕೂತ. ಶಿವಪ್ರಕಾಶನ ಮನೆಯವರು ಅಜ್ಜಿಯನ್ನೂ ಕರೆತಂದು ಬೌಂಡರಿಯ ಹತ್ತಿರ ಕೂರಿಸಿದ್ದರು. ಮೆಂಜಿ ಚೆಂಡು ತಿಕ್ಕುತ್ತ ತನ್ನ ಮೂವತ್ತು ಹೆಜ್ಜೆಯ ಗುರುತಿನ ಕಡೆ ನಡೆದ. ಪಕ್ಕದಲ್ಲೇ ಮಿಡ್ ಆಫ್‌ನಲ್ಲಿ ನಿಂತಿದ್ದ ಜಯರಾಮುವಿಗೆ ನೋಡಲಾಗಲಿಲ್ಲ. ತಲೆಯ ಮೇಲೆ ಕೈಹೊತ್ತು ಕಣ್ಣು ಮುಚ್ಚಿದ.

ಕಣ್ಣು ಬಿಟ್ಟಾಗ ಹುಡುಗ ಗುರುತಿನಿಂದ ವಾಪಸ್ಸು ಬಂದು ಗೆರೆಯಿಂದ ಏಳೇ ಹೆಜ್ಜೆ ದೂರದಲ್ಲಿ ನಿಂತಿದ್ದ. ಮುಗಿಯಿತು, ಓಡಲೂ ಶಕ್ತಿಯಿಲ್ಲ ಎಂದು ಜಯರಾಮು ಅಂದುಕೊಳ್ಳುವಷ್ಟರಲ್ಲಿ ಚೆಂಡು ಹೊರಟು, ಒಳಗೆ ತಿರುಗಿ, ನಡುವಿನ ಸ್ಟಂಪನ್ನು ಕಿತ್ತು ಕೀಪರನ ಕಾಲ ಬಳಿ ಹಾಕಿತು. ಅಂಪೈರನ ಕೈ ನೋಬಾಲಿಗೆ ಏಳಲೇ ಇಲ್ಲ. ಮುಂದೆಯೂ ಏಳಲಿಲ್ಲ. ಮೆಂಜಿಯೊಬ್ಬನಿಗೇ ಆರು ವಿಕೆಟ್ಟು ಬಿದ್ದವು, ಎದುರಿನವರು ಎಪ್ಪತ್ತೊಂದಕ್ಕೆ ಮುಗಿದರು. ಜಯರಾಮು ಸೊನ್ನೆಗೆ ಔಟಾದರೂ ತಂಡ ಹೇಗೋ ತೆವಳಿಕೊಂಡು ಗೆದ್ದಿತು. ಅವನಿಗೆ ಅಳುವಷ್ಟು ಸಂತೋಷವಾಯಿತು.

ಸೆಲೆಕ್ಟರ್ ನೇರವಾಗಿ ಬಂದು, ಈ ಹುಡುಗನ ಓಟ ಕಡಿಮೆ ಮಾಡಿಸಿದವರು ಯಾರು ಎಂದು ಕೇಳಿದ. ಶಿವಪ್ರಕಾಶ ತಡಮಾಡದೆ ತನ್ನ ತಾಯಿಯ ಕಡೆ ಕೈತೋರಿಸಿ, ಒಂಬತ್ತು ಒಬ್ಬಟ್ಟಿನ ಕತೆ ಹೇಳಿದ. ಕ್ಯಾಪ್ಟನ್ ಕೈ ಅಡ್ಡ ಹಿಡಿದದ್ದನ್ನೂ ಬಿಡಲಿಲ್ಲ. ಹಂಸಿನಿ ವಿಷಯ ತಿಳಿಸಿದಾಗ ಅಜ್ಜಿ ಎದ್ದು ಬಂದು, ಹುಡುಗನ ಗಲ್ಲ ಹಿಡಿದು, ನೀರು ತುಂಬಿದ ಕಣ್ಣಿನಲ್ಲಿ “ನಿಜವಾ ಮಗ?” ಎಂದರು. ಸೊಸೆ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಮೆಂಜಿ ಎರಡೂ ಕೈ ಜೋಡಿಸಿ ಹೌದೆಂದು ತಲೆಯಾಡಿಸಿದ.

ಆಮೇಲೆ ಎಲ್ಲ ಹತ್ತು ನಿಮಿಷದಲ್ಲಿ ಮುಗಿಯಿತು. ಸೆಲೆಕ್ಟರ್ ಸೋಮವಾರವೇ ಟೆಕ್ಸಸ್ಸಿಗೆ ಬಾ ಎಂದು ಮೆಂಜಿಯ ಕೈಕುಲುಕಿದ. ಬೌಲರನ್ನು ಸರಿಮಾಡುವ ವಿದ್ಯೆ ಯಾವ ಮನೆಯಲ್ಲಿದೆಯೋ ಆ ಮನೆಯವರೇ ತಂಡ ನಡೆಸಲಿ ಎಂದು ಯಾರೋ ಅಂದರು, ಉಳಿದವರು ಕೈಯೆತ್ತಿದರು. ಮುಂದಿನ ವರ್ಷಕ್ಕೆ ಶಿವಪ್ರಕಾಶ ಕ್ಯಾಪ್ಟನ್ ಆದ. ಗೆದ್ದ ದಿನವೇ ಪಟ್ಟ ಕಳೆದುಕೊಂಡ ಜಯರಾಮುವೂ ದಾಕ್ಷಿಣ್ಯಕ್ಕೆ ಕೈಯೆತ್ತಿದ್ದ.

ವಾಪಸ್ಸು ಬರುವಾಗ ಕಾರಿನಲ್ಲಿ ಮೆಂಜಿ ಮೆತ್ತಗೆ ಬಾಯಿಬಿಟ್ಟ. “ಅಂಕಲ್, ನನಗೆ ಹೊಟ್ಟೆ ಭಾರವೇನೂ ಆಗಿರಲಿಲ್ಲ. ಕ್ರಿಸ್ಮಸ್ಸಿಗೆ ನಮ್ಮಜ್ಜಿ ಇದರ ಎರಡರಷ್ಟು ತಿನ್ನಿಸ್ತಾಳೆ.”

“ಮತ್ತೆ?”

“ಗುರುತಿನವರೆಗೂ ಹೋದೆ. ತಿರುಗಿ ನೋಡಿದರೆ ನೀವು ತಲೆ ಮೇಲೆ ಕೈಯಿಟ್ಟುಕೊಂಡು ನಡುಗ್ತಿದ್ದಿರಿ. ನಾನು ಅಷ್ಟು ದೂರದಿಂದ ಓಡಿ ಬರೋದರೊಳಗೆ ನಿಮಗೇನಾದರೂ ಆಗಿಬಿಟ್ಟರೆ ಅಂತ ಭಯವಾಯ್ತು. ಬೇಗ ಮುಗಿಸೋಣ ಅಂತ ಹತ್ತಿರದಿಂದ ಹಾಕಿದೆ. ಕಾಲು ಸರಿಯಾಗಿ ಬಿತ್ತು. ಕೋಚುಗಳು ಎರಡು ವರ್ಷ ಹೇಳಿದ್ದು ಒಂದು ಬಾಲಲ್ಲಿ ಅರ್ಥವಾಯ್ತು. ಎಲ್ಲ ನಿಮ್ಮಿಂದ ಅಂಕಲ್, ಇದನ್ನ ನಾನು ಯಾವತ್ತೂ ಮರೆಯಲ್ಲ.”

ಜಯರಾಮು ತಿರುಗಬೇಕಾದ ಎಕ್ಸಿಟ್ಟು ತಪ್ಪಿಸಿಕೊಂಡ. ಅಲ್ಲೇ ಯಾಕೆ ಹೇಳಲಿಲ್ಲ ಎಂದು ಕೇಳಿದ. ಅಜ್ಜಿ ಅಷ್ಟು ಖುಷಿಯಿಂದ ಕೇಳುವಾಗ ಇಲ್ಲ ಎನ್ನಲು ಬಾಯಿ ಬರಲಿಲ್ಲ, ಬೇಕಾದರೆ ಈಗಲೇ ಎಲ್ಲರಿಗೂ ನಿಜ ಹೇಳುತ್ತೇನೆ ಎಂದ ಹುಡುಗ.

ಮನೆಯ ಮುಂದೆ ಕಾರು ನಿಲ್ಲಿಸಿ ಜಯರಾಮು ಫೋನು ಕೈಗೆತ್ತಿಕೊಂಡ. ಏನೆಂದು ಬರೆಯುವುದು? ಗೆಲುವಿಗೆ ಕಾರಣ ಒಬ್ಬಟ್ಟಲ್ಲ, ಮೊದಲ ಚೆಂಡಿಗೇ ಕಣ್ಣು ಮುಚ್ಚಿ ನಡುಗಿದ ತಾನು ಎಂದೇ? ಪಕ್ಕದಲ್ಲಿ ಹುಡುಗ ಊರಿಗೆ ಫೋನು ಮಾಡಿ, ತನ್ನ ಭಾಷೆಯಲ್ಲಿ ಅಮ್ಮನಿಗೆ ಏನೋ ಹೇಳಿ ನಗುತ್ತಿದ್ದ. ನಡುವೆ ಎರಡು ಸಲ “ಅಂಕಲ್ ಜಯರಾಮು” ಎಂದದ್ದು ಮಾತ್ರ ತಿಳಿಯಿತು. ಅದನ್ನು ಕೇಳಿ ಜಯರಾಮುವಿಗೆ ಇಷ್ಟು ಸಿಕ್ಕಿತಲ್ಲ, ಸಾಕು ಎನ್ನಿಸಿತು.

“ಇವತ್ತಿನ ಗೆಲುವಿಗೆ ಶಿವಲಿಂಗಮ್ಮನವರಿಗೆ ತುಂಬು ಹೃದಯದ ಧನ್ಯವಾದ” ಎಂದು ತಂಡದ ಗುಂಪಿಗೆ ಬರೆದ. ಅಭ್ಯಾಸಬಲದಿಂದ ಕೆಳಗೆ ಕ್ಯಾಪ್ಟನ್ ಎಂದು ಒತ್ತಿದ್ದನ್ನು ಒಂದೊಂದೇ ಅಕ್ಷರ ಅಳಿಸಿ, ಕಳಿಸಿದ.