ದಿವಂಗತ ಅಭ್ಯರ್ಥಿ

ಅರಬಾ ಎಶುನ್ ಹೊಸ ಫೋಟೋ ತೆಗೆಸಿಕೊಳ್ಳಲು ಸೋಮಾರಿತನ ಮಾಡದೇ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಮಂಕೆಸಿಮ್ ಪೇಟೆಯಲ್ಲಿ ಮೂರು ಕೋಲ್ಡ್ ಸ್ಟೋರೇಜುಗಳ ಒಡತಿ, ಮೀನಿನ ವ್ಯಾಪಾರದಲ್ಲಿ ಎತ್ತಿದ ಕೈ. ಆದರೆ ಚುನಾವಣೆಯ ಪೋಸ್ಟರಿಗೆ ಅವಳು ಕೊಟ್ಟದ್ದು ಭಾವನ ಮಣ್ಣಿನ ದಿನ ತೆಗೆದಿದ್ದ ಫೋಟೋ. ಮೈಮೇಲೆ ಸಾವಿನ ಮನೆಗೆ ಉಡುವ ಕೆಂಪು ಕಪ್ಪು ಬಟ್ಟೆ, ತಲೆಗೆ ಕಪ್ಪು ವಸ್ತ್ರ. ಮುಖ ಮಾತ್ರ ಬಹಳ ಚೆನ್ನಾಗಿ ಬಂದಿತ್ತು.

ಪ್ರೆಸ್ಸಿನ ಆಂಪಾ ವಾರಕ್ಕೆ ಇಪ್ಪತ್ತು ಸಾವಿನ ಪೋಸ್ಟರು ಹೊಡೆಯುವವನು. "ವಯಸ್ಸೂ ಹಾಕಪ್ಪಾ, ಅನುಭವ ಇದೆ ಅಂತ ಜನಕ್ಕೆ ಗೊತ್ತಾಗ್ಲಿ" ಎಂದಿದ್ದಳು. ಅವನ ಕೈ ರೂಢಿಯಂತೆ ಓಡಿತು. ಫೋಟೋದ ಕೆಳಗೆ ಹುಟ್ಟಿದ ವರ್ಷ, ಒಂದು ಗೆರೆ, ಆಮೇಲೆ ಈ ವರ್ಷ. ಶುಕ್ರವಾರ ಸಂಜೆಯೊಳಗೆ ಊರಿನ ಗೋಡೆಗಳಿಗೆಲ್ಲ ಅಂಟಿಸಿಯೂ ಬಿಟ್ಟ.

ಶನಿವಾರ ಹತ್ತು ಗಂಟೆಗೆ ಪಕ್ಷದ ಪ್ರತಿನಿಧಿಗಳ ಮತದಾನ. ಅಲ್ಲಿ ಗೆದ್ದವರಿಗೇ ಸಂಸತ್ತಿನ ಟಿಕೇಟು. ಅದಕ್ಕಾಗಿ ಅರಬಾ ನಾಲ್ಕು ವರ್ಷ ಪ್ರತಿನಿಧಿಗಳ ಮನೆಮನೆಗೆ ಮೀನು ಕಳಿಸಿದ್ದಳು. ಬೆಳಿಗ್ಗೆ ಅವಳು ಮೆಕ್ಕೆಜೋಳದ ಗಂಜಿ ಕುಡಿಯುತ್ತಿದ್ದಾಗ ತಂಗಿ ಎಕುವಾ ಎದೆ ಬಡಿದುಕೊಳ್ಳುತ್ತ ಒಳಗೆ ಬಂದು ನೆಲಕ್ಕೆ ಬಿದ್ದಳು.

"ಅಯ್ಯೋ ಅಕ್ಕಾ, ನಂಗೊಂದು ಮಾತೂ ಹೇಳ್ದೆ ಹೋಗ್ಬಿಟ್ಯಲ್ಲೇ!"

"ಎಲ್ಲಿಗೆ ಹೋದೆ? ಗಂಜಿ ಕುಡೀತಾ ಇದೀನಿ."

ಎಕುವಾ ತಲೆಯೆತ್ತಿ ನೋಡಿದಳು. ಇನ್ನೂ ಜೋರಾಗಿ ಕಿರುಚಿ, ಬಂದ ದಾರಿಯಲ್ಲೇ ಓಡಿಹೋದಳು.

ಅರಬಾ ಹೊರಗೆ ಬಂದು ಎದುರು ಗೋಡೆ ನೋಡಿದಳು. ಅಲ್ಲಿ ತಾನು ಸತ್ತಿದ್ದಳು. ಫೋನೆತ್ತಿಕೊಂಡು ಒಬ್ಬೊಬ್ಬರಿಗೂ ಕರೆ ಮಾಡಿದಳು. ಸತ್ತವಳ ನಂಬರಿನಿಂದ ಫೋನು ಬಂದರೆ ಯಾರು ತಾನೇ ಎತ್ತುತ್ತಾರೆ? ಪಕ್ಷದ ಕಾರ್ಯದರ್ಶಿಯಂತೂ ಸ್ವಿಚ್ ಆಫ್ ಮಾಡಿಕೊಂಡು ಕೂತ.

ಅಷ್ಟರಲ್ಲಿ ಮನೆತನದ ಯಜಮಾನ ಕೋಬಿನಾ ಮಾವ ಶಾಮಿಯಾನದವರನ್ನು ಕರೆದುಕೊಂಡು ಬಂದು ಗೇಟಿನ ಮುಂದೆ ಕಂಬ ನೆಡಿಸಿದ. ಬಾಗಿಲಲ್ಲಿ ಅವಳನ್ನು ಕಂಡು ಹೆದರಲಿಲ್ಲ, ಸಿಟ್ಟಾದ.

"ಬದುಕಿದ್ದೀಯಾ? ಮೊದಲೇ ಹೇಳೋಕೇನಾಗಿತ್ತು? ಕಂಬ ನೆಟ್ಟಾಯ್ತು. ಕುಮಾಸಿಯಿಂದ ನೆಂಟರು ಬೇರೆ ಹೊರಟಿದ್ದಾರೆ. ಅವರಿಗೆ ಏನಂತ ಹೇಳ್ಲಿ?"

"ಮಾವ, ನನ್ನ ಕಾರು ಹೊರಗೆ ಹೋಗ್ಬೇಕು. ಗೇಟಿಗೆ ಅಡ್ಡ ಕಂಬ ನೆಟ್ಟಿದ್ದೀಯಲ್ಲ!"

"ಸತ್ತೋರಿಗೆ ಕಾರು ಯಾಕೆ ಅಂತ ನೆಟ್ಟೆ" ಎಂದ ಯಜಮಾನ.

ಅರಬಾ ನಡೆದೇ ಹೊರಟಳು. ಮುಖ ಬಿಟ್ಟುಕೊಂಡು ಹೋದರೆ ಜನ ದಿಕ್ಕಾಪಾಲಾಗಿ ಓಡುತ್ತಿದ್ದರು. ಮುಖ ಮುಚ್ಚಿಕೊಂಡರೆ ತಡೆದು ನಿಲ್ಲಿಸಿ, "ಅರಬಾ ಹೋಗ್ಬಿಟ್ಳಂತೆ, ಗೊತ್ತಾಯ್ತಾ?" ಎಂದು ಕೇಳುತ್ತಿದ್ದರು. ಪುರಭವನ ಮುಟ್ಟುವಾಗ ಹನ್ನೊಂದು ದಾಟಿತ್ತು. ಒಳಗೆ ಮೈಕಿನಲ್ಲಿ ಅವಳ ಹೆಸರು ಕೇಳಿಸಿತು. ಅವಳು ಕಿಟಕಿಯ ಬಳಿ ನಿಂತುಬಿಟ್ಟಳು.

ಮಾತಾಡುತ್ತಿದ್ದವರು ಅವಳ ಎದುರಾಳಿ ಒಟೂ ಮೇಷ್ಟ್ರು. "ಹನ್ನೊಂದನೇ ವಯಸ್ಸಿಗೆ ತಲೆ ಮೇಲೆ ಹೊಗೆಮೀನಿನ ಬುಟ್ಟಿ ಹೊತ್ತ ಹೆಣ್ಣುಮಗಳು. ಗಂಡ ಬಿಟ್ಟುಹೋದಾಗ ಅಳ್ತಾ ಕೂರ್ಲಿಲ್ಲ, ಹಳೇ ಫ್ರಿಜ್ಜು ಕೊಂಡ್ಳು. ಆ ಒಂದು ಫ್ರಿಜ್ಜಿನಿಂದ ಮೂರು ಕೋಲ್ಡ್ ಸ್ಟೋರೇಜು! ಬದುಕಿದ್ದಿದ್ರೆ ನನ್ನನ್ನ ಖಂಡಿತ ಸೋಲಿಸ್ತಿದ್ಳು." ಸಭೆಯೆಲ್ಲ ಮೂಗು ಒರೆಸಿಕೊಂಡಿತು. ಬದುಕಿನುದ್ದಕ್ಕೂ ಅರಬಾಳಿಗೆ ಯಾರೂ ಒಂದು ಒಳ್ಳೆಯ ಮಾತು ಆಡಿರಲಿಲ್ಲ. ಒಳಗೆ ನುಗ್ಗಿ ಬದುಕಿದ್ದೇನೆ ಎನ್ನಬೇಕಾದವಳು, ಇನ್ನೊಂದು ಸ್ವಲ್ಪ ಕೇಳೋಣ ಎಂದು ಕಣ್ಣೀರು ಸುರಿಸುತ್ತ ಅಲ್ಲೇ ನಿಂತಳು.

"ಮತಚೀಟಿ ಅಚ್ಚಾಗಿಬಿಟ್ಟಿದೆ, ಇಬ್ಬರ ಫೋಟೋನೂ ಇರುತ್ತೆ" ಎಂದು ಚುನಾವಣಾಧಿಕಾರಿ ಸಾರಿದ. ಒಳಗೆ ಕಿಟಕಿಯ ಪಕ್ಕದಲ್ಲೇ ಕೂತಿದ್ದ ಮೀನು ಮಾರುವ ಹೆಂಗಸು ಬಾಬಾ ಗೆಳತಿಯ ಕಿವಿಯಲ್ಲಿ ಪಿಸುಗುಟ್ಟಿದಳು.

"ಹೇಗೂ ಮೇಷ್ಟ್ರೇ ಗೆಲ್ಲೋದು. ನಂದೊಂದು ವೋಟು ಅವಳಿಗೆ ಹೋಗ್ಲಿ ಬಿಡು."

"ಹಾಕ್ಲೇಬೇಕು ಕಣೇ. ಸತ್ತೋರಿಗೆ ವೋಟು ಹಾಕೋ ಪರದೆ ಹಿಂದೆ ಏನ್ಮಾಡ್ತೀವಿ ಅನ್ನೋದೂ ಕಾಣುತ್ತೆ."

ಹೀಗೆ ಅಂದುಕೊಂಡವರು ಅವರಿಬ್ಬರೇ ಅಲ್ಲ. ನನ್ನದೊಂದು ತಾನೇ ಎಂದು ಎಲ್ಲರೂ ಅಂದುಕೊಂಡಿದ್ದರು. ಎಣಿಕೆ ಮುಗಿದಾಗ ಮೇಷ್ಟ್ರಿಗೆ ಹದಿನಾಲ್ಕು, ದಿವಂಗತ ಅರಬಾಳಿಗೆ ಇನ್ನೂರ ಮೂವತ್ತೊಂದು. ಅಧಿಕಾರಿ ಲೆಕ್ಕ ಓದಿ ತಲೆ ಕೆರೆದುಕೊಂಡ. ಮೇಷ್ಟ್ರು ನೀರು ಕೇಳಿದರು.

ಅರಬಾ ಬಾಗಿಲು ದೂಡಿ ಒಳಗೆ ನುಗ್ಗಿದಳು. "ನಾನು ಬದುಕಿದೀನಿ! ಗೆದ್ದಿದೀನಿ!"

ಮುಂದಿನ ಸಾಲಿನವರು ಕುರ್ಚಿ ಹತ್ತಿದರು. ಇಬ್ಬರು ಕಿಟಕಿಯಿಂದ ಹಾರಿದರು. ಆಂಪಾನನ್ನು ಎಳೆತಂದು ತಪ್ಪೊಪ್ಪಿಸಿದ ಮೇಲೆ ಭಯ ಇಳಿಯಿತು, ಸಿಟ್ಟು ಏರಿತು. ಎಲ್ಲರಿಗಿಂತ ಮೊದಲು ಎದ್ದವಳು ಬಾಬಾ.

"ಇದು ಮೋಸ! ನಾವು ವೋಟು ಹಾಕಿದ್ದು ಸತ್ತವಳಿಗೆ!"

"ಆ ಸತ್ತವಳು ನಾನೇ ಅಲ್ವೇನೇ?"

"ನೀನು ಸತ್ತಿಲ್ವಲ್ಲ!"

"ಇವಳು ಸಂಸತ್ತು ಅಂತ ಅಕ್ರಾಕ್ಕೆ ಹೋಗಿ ಕೂತ್ರೆ ಮನೆಗೆ ಮೀನು ಕಳ್ಸೋರು ಯಾರು?" ಎಂದು ಹಿಂದಿನಿಂದ ಒಬ್ಬ ಕೂಗಿದ. ಆ ಮಾತು ಎಲ್ಲರಿಗೂ ನಾಟಿತು. ನಿಯಮದ ಪುಸ್ತಕದಲ್ಲಿ ಇಂಥದ್ದಕ್ಕೆ ಪುಟವೇ ಇರಲಿಲ್ಲ. ಮರುಮತದಾನ ಎಂದ ಅಧಿಕಾರಿ.

ಬದುಕಿರುವವರಿಗೆ ಪರದೆಯ ಹಿಂದೆ ಏನು ನಡೆಯುತ್ತದೆಂದು ಕಾಣುವುದಿಲ್ಲ. ಮೇಷ್ಟ್ರಿಗೆ ಇನ್ನೂರ ನಲವತ್ತನಾಲ್ಕು, ಅರಬಾಳಿಗೆ ಎರಡು. ಅವಳ ಸಾವಿಗೆಂದು ಉಟ್ಟುಬಂದಿದ್ದ ಕೆಂಪು ಕಪ್ಪು ಬಟ್ಟೆಯಲ್ಲೇ ಜನ ಮೇಷ್ಟ್ರನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತ ಬೀದಿಗಿಳಿದರು.

ಅರಬಾ ಖಾಲಿ ಸಭಾಂಗಣದಲ್ಲಿ ಕೂತಿದ್ದಳು. ಎರಡರಲ್ಲಿ ಒಂದು ಅವಳದೇ. ಇನ್ನೊಂದು ಯಾರದು? ಇಷ್ಟು ದೊಡ್ಡ ಊರಿನಲ್ಲಿ ತಾನು ಬದುಕಿದ್ದೂ ಬೇಕೆಂದವರು ಒಬ್ಬರಾದರೂ ಇದ್ದಾರಲ್ಲ ಎಂದು ಅವಳ ಎದೆ ತುಂಬಿ ಬಂತು.

ಹಿಂದಿನ ಸಾಲಿನಿಂದ ಒಬ್ಬ ಮುದುಕ ಗೋಡೆ ಹಿಡಿದುಕೊಂಡು ಬಂದ. ಕಿವಿ ಪೂರ್ತಿ ಕೇಳಿಸದು, ಎರಡು ಕಣ್ಣಿಗೂ ಪೊರೆ. ತಡವರಿಸಿ ಅವಳ ಕೈ ಹಿಡಿದುಕೊಂಡ.

"ನೀನು ಅರಬಾನ ತಂಗಿ ತಾನೇ? ಅಳ್ಬೇಡ ಮಗಳೇ. ಅದ್ಯಾಕೋ ಇವತ್ತು ಎರಡು ಸಲ ವೋಟು ಹಾಕ್ಸಿದ್ರು. ಎರಡು ಸಲವೂ ಪಾಪ, ಆ ಸತ್ತವಳಿಗೇ ಹಾಕ್ದೆ. ಬದುಕಿದ್ದಿದ್ರೆ ನಾನೂ ಹಾಕ್ತಿರ್ಲಿಲ್ಲ ಅನ್ನು."